ಗೆಲ್ಲುವ ತಂಡವೋ, ಬೆಳೆಯುವ ತಂಡವೋ?



ಕರ್ನಾಟಕದ ರಣಜಿ ಕ್ರಿಕೆಟ್ ತಂಡದ ವಿಚಾರವಾಗಿ ನಿಮ್ಮಲ್ಲಿ ಎರಡು ಪಕ್ಷಗಳಾಗಿವೆ. ಬೆಂಗಳೂರಿನಲ್ಲಿ ನೆಲೆಸಿರುವ ಕೆಲವರು ಹೇಳುವುದು ಹೀಗೆ: "ಮಾಷ್ಟ್ರೇ, ಪಳಗಿದವರನ್ನೇ ಆಡಿಸಲಿ. ಬೇಕಾದರೆ ಹೊರಗಿನಿಂದ ಒಬ್ಬಿಬ್ಬರನ್ನು ಕರೆತರಲಿ. ಮೊದಲು ಟ್ರೋಫಿ ಬರಲಿ, ಹುಡುಗರ ಮಾತು ಆಮೇಲೆ." ಅಮೆರಿಕದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬನ ವಾದ ಇದಕ್ಕೆ ನೇರ ವಿರುದ್ಧ: "ಇಲ್ಲಿನ ಬೇಸ್‌ಬಾಲ್ ತಂಡಗಳ ಹಾಗೆ ಹಳಬರನ್ನೆಲ್ಲ ಒಮ್ಮೆಲೇ ಕಳುಹಿಸಿ, ನಾಲ್ಕು ವರ್ಷ ಸೋತರೂ ಚಿಂತೆಯಿಲ್ಲವೆಂದು ಬುಡದಿಂದ ಕಟ್ಟಲಿ." ಎರಡೂ ಕಡೆಯವರು ನನ್ನ ಅಭಿಪ್ರಾಯ ಕೇಳಿದ್ದಾರೆ. ತ್ರಾಸಿಯಲ್ಲಿ ಕುಳಿತ ನಿವೃತ್ತ ಶಿಕ್ಷಕನ ಮಾತನ್ನು ಆಯ್ಕೆ ಸಮಿತಿ ಕೇಳುವುದಿಲ್ಲವೆಂಬುದು ನಿಜ. ನೀವು ಕೇಳುತ್ತೀರಿ, ಅಷ್ಟು ಸಾಕು.

ನಾನು ಕಟ್ಟುವವರ ಪಕ್ಷ. ಈ ವರ್ಷದ ಟ್ರೋಫಿಯೊಂದನ್ನೇ ಕಣ್ಣ ಮುಂದಿಟ್ಟುಕೊಂಡು ತಂಡ ಆರಿಸುವ ಪದ್ಧತಿ ತಪ್ಪು, ಅದು ಮುಂದಿನ ಪೀಳಿಗೆಗೆ ಮಾಡುವ ಅನ್ಯಾಯ ಎಂಬುದು ನನ್ನ ಖಚಿತ ನಿಲುವು. ಆದರೆ ಕಟ್ಟುವುದೆಂದರೆ ಕೆಡಹುವುದು ಎಂದು ತಿಳಿದವರ ಜೊತೆಗೆ ನನ್ನನ್ನು ಸೇರಿಸಬೇಡಿ. ಏಕೆಂಬುದನ್ನು ವಿವರಿಸುತ್ತೇನೆ.

ಮೊದಲು ಲೆಕ್ಕ ನೋಡೋಣ. ಕರ್ನಾಟಕ ರಣಜಿ ಟ್ರೋಫಿಯನ್ನು ಗೆದ್ದದ್ದು 1973-74, 1977-78, 1982-83, 1995-96, 1997-98, 1998-99, 2013-14 ಮತ್ತು 2014-15ರಲ್ಲಿ. 2015ರ ಮಾರ್ಚ್‌ನಲ್ಲಿ ಮುಂಬಯಿಯ ವಾಂಖೆಡೆ ಮೈದಾನದಲ್ಲಿ ತಮಿಳುನಾಡನ್ನು ಇನಿಂಗ್ಸ್ ಮತ್ತು 217 ರನ್ನುಗಳಿಂದ ಮಣಿಸಿದ ಆ ಗೆಲುವಿನ ನಂತರದ ಹತ್ತು ವರ್ಷ ಟ್ರೋಫಿ ನಮ್ಮ ಕಡೆ ಸುಳಿಯಲಿಲ್ಲ. ಅದರಲ್ಲಿ ಕೊರೋನಾದಿಂದಾಗಿ ಒಂದು ವರ್ಷ ಪಂದ್ಯಾವಳಿಯೇ ನಡೆಯಲಿಲ್ಲ. ಉಳಿದ ಒಂಬತ್ತರಲ್ಲಿ ನಾಲ್ಕು ಬಾರಿ ನಾವು ಸೆಮಿಫೈನಲ್‌ನಲ್ಲಿ ಸೋತೆವು. 2017ರ ಡಿಸೆಂಬರ್‌ನಲ್ಲಿ ಕೋಲ್ಕತ್ತದಲ್ಲಿ ವಿದರ್ಭದ ವಿರುದ್ಧ ಬರೀ 5 ರನ್ನುಗಳಿಂದ. 2019ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಸೌರಾಷ್ಟ್ರದ ವಿರುದ್ಧ. 2020ರ ಮಾರ್ಚ್‌ನಲ್ಲಿ ಬಂಗಾಳದ ವಿರುದ್ಧ. 2023ರ ಫೆಬ್ರವರಿಯಲ್ಲಿ ಮತ್ತೆ ಬೆಂಗಳೂರಿನಲ್ಲಿ, ಮಯಾಂಕ್ ಅಗರವಾಲ್ 249 ರನ್ ಹೊಡೆದ ಪಂದ್ಯದಲ್ಲಿ, ಮತ್ತೆ ಸೌರಾಷ್ಟ್ರದ ವಿರುದ್ಧವೇ.

ಮೋಸ ಇರುವುದು ಇಲ್ಲಿಯೇ. ಪೂರಾ ಸೋತವನಿಗೆ ಬುದ್ಧಿ ಬರುತ್ತದೆ. ಕೂದಲೆಳೆಯಲ್ಲಿ ಸೋತವನಿಗೆ ಆಸೆ ಉಳಿಯುತ್ತದೆ. "ಇನ್ನೊಂದೇ ಮೆಟ್ಟಿಲು, ಇದೇ ಜನ ಇನ್ನೊಂದು ವರ್ಷ ಆಡಲಿ" ಎನ್ನುತ್ತೇವೆ. ಮುಂದಿನ ವರ್ಷ ಅದೇ ಜನ ಒಂದು ವರ್ಷ ಹೆಚ್ಚು ವಯಸ್ಸಾಗಿ ಬರುತ್ತಾರೆ. ಮೆಟ್ಟಿಲು ಮಾತ್ರ ಅಲ್ಲಿಯೇ ಇರುತ್ತದೆ. 2023-24ರಲ್ಲಿ ನಾಗಪುರದಲ್ಲಿ ಕ್ವಾರ್ಟರ್ ಫೈನಲ್‌ಗೇ ನಮ್ಮ ಪಯಣ ಮುಗಿಯಿತು. 2024-25ರಲ್ಲಿ ಆ ಹಂತಕ್ಕೂ ತಲುಪಲಿಲ್ಲ.

ಕಡಲ ಬದಿಯವರಾದ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಪ್ರತಿವರ್ಷ ಜೂನ್ ಒಂದರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಗಂಗೊಳ್ಳಿ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ಆ ಎರಡು ತಿಂಗಳು ಮನೆ ನಡೆಸುವ ಕಷ್ಟ ಮೀನುಗಾರರ ಮನೆಯ ಮಕ್ಕಳಾದ ನಿಮ್ಮಲ್ಲಿ ಹಲವರಿಗೆ ಚೆನ್ನಾಗಿ ಗೊತ್ತು. ಆದರೂ ಆ ನಿಯಮ ಏಕಿದೆ? ಮೀನು ಮರಿಯಿಡುವ ಕಾಲದಲ್ಲಿ ಬಲೆ ಬೀಸಿದರೆ ಇಂದಿನ ಬುಟ್ಟಿ ತುಂಬುತ್ತದೆ, ನಾಳೆಯ ಕಡಲು ಬರಿದಾಗುತ್ತದೆ. ಸಣ್ಣ ಕಣ್ಣಿನ ಬಲೆಯ ಬಗ್ಗೆ ನಮ್ಮ ಹಿರಿಯರು ಬೈಯುತ್ತಿದ್ದುದೂ ಇದೇ ಕಾರಣಕ್ಕೆ. ಈ ಋತುವಿನ ಟ್ರೋಫಿಗಾಗಿ ಹುಡುಗರ ಸ್ಥಾನವನ್ನೆಲ್ಲ ಪಳಗಿದವರಿಗೆ ಕೊಟ್ಟುಬಿಡುವುದು ಜೂನ್ ತಿಂಗಳಲ್ಲಿ ಬಲೆ ಬೀಸಿದಂತೆ.

"ಕಟ್ಟಿದರೆ ಗೆಲ್ಲುತ್ತೇವೆಂಬುದಕ್ಕೆ ಏನು ಸಾಕ್ಷಿ?" ಎಂದು ಕೇಳಬಹುದು. ಸಾಕ್ಷಿ ನಮ್ಮ ರಾಜ್ಯದ ಚರಿತ್ರೆಯಲ್ಲೇ ಇದೆ. 2010ರ ಜನವರಿಯಲ್ಲಿ ಮೈಸೂರಿನಲ್ಲಿ ನಡೆದ ರಣಜಿ ಫೈನಲ್ ನೆನಪಿದೆಯೇ? ಗೆಲ್ಲಲು 338 ರನ್ ಬೇಕಿತ್ತು. ಇಪ್ಪತ್ತರ ಹರೆಯದ ಮನೀಶ್ ಪಾಂಡೆ 144 ರನ್ ಹೊಡೆದ. ಗಣೇಶ್ ಸತೀಶ್ ಜೊತೆಗೆ ನಿಂತ. ಕೊನೆಗೆ ನಾವು 331ಕ್ಕೆ ಆಲೌಟಾಗಿ ಮುಂಬಯಿ 6 ರನ್ನುಗಳಿಂದ ಗೆದ್ದಿತು. ಆ ಪಂದ್ಯದ ಎರಡನೇ ಇನಿಂಗ್ಸಿನಲ್ಲಿ ಮುಂಬಯಿಯ ಆರು ವಿಕೆಟ್ ಕಿತ್ತವನು ಇಪ್ಪತ್ತರ ಹುಡುಗ ಅಭಿಮನ್ಯು ಮಿಥುನ್. ಹನ್ನೊಂದು ವರ್ಷಗಳಿಂದ ಟ್ರೋಫಿ ಕಾಣದ ರಾಜ್ಯ, ತವರಿನ ಮೈದಾನ, ಆರು ರನ್ನಿನ ಸೋಲು. ತಂಡದ ಮೇಲೆ ಹರಿಹಾಯಲು ಇದಕ್ಕಿಂತ ಬೇರೆ ನೆಪ ಬೇಕೆ?

ಆದರೆ ಆ ತಂಡವನ್ನು ಒಡೆಯಲಿಲ್ಲ. ವಿನಯ್ ಕುಮಾರ್, ಮಿಥುನ್, ಪಾಂಡೆ, ಸಿ.ಎಂ. ಗೌತಮ್, ಉತ್ತಪ್ಪ ಮುಂತಾದವರು ಉಳಿದರು. ಅವರ ನಡುವೆ ಒಬ್ಬೊಬ್ಬರಾಗಿ ಹೊಸಬರು ಬಂದರು. 2010-11ರಲ್ಲಿ ಕೆ.ಎಲ್. ರಾಹುಲ್ ಬಂದ, 2013-14ರಲ್ಲಿ ಮಯಾಂಕ್ ಅಗರವಾಲ್, ಕರುಣ್ ನಾಯರ್, ಶ್ರೇಯಸ್ ಗೋಪಾಲ್ ಬಂದರು. ನಡುವಿನ ವರ್ಷಗಳಲ್ಲಿ ಟ್ರೋಫಿ ಬರಲಿಲ್ಲ, ಬೈಗುಳ ಬಂತು. 2014ರ ಫೆಬ್ರವರಿಯಲ್ಲಿ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ಅವರು ಟ್ರೋಫಿ ಎತ್ತಿದಾಗ ರಾಹುಲನಿಗೆ 21 ವರ್ಷ, ಕರುಣನಿಗೆ 22. ರಾಹುಲ್ ಆ ಫೈನಲಿನಲ್ಲಿ 131 ರನ್ ಹೊಡೆದ. ಮರುವರ್ಷದ ಫೈನಲಿನಲ್ಲಿ ಕರುಣ್ 328, ರಾಹುಲ್ 188. ರಣಜಿ, ಇರಾನಿ, ವಿಜಯ್ ಹಜಾರೆ, ಈ ಮೂರನ್ನೂ ಸತತ ಎರಡು ವರ್ಷ ನಾವೇ ಗೆದ್ದೆವು. ಆ ಟ್ರೋಫಿಗಳ ಬೇರು ಮೈಸೂರಿನ ಆರು ರನ್ನಿನ ಸೋಲಿನಲ್ಲಿತ್ತು.

ಅದಕ್ಕೂ ಹಿಂದಕ್ಕೆ ಹೋಗೋಣ. 1958-59ರಿಂದ 1972-73ರವರೆಗೆ ಹದಿನೈದು ವರ್ಷ ರಣಜಿ ಟ್ರೋಫಿ ಮುಂಬಯಿಯನ್ನು ಬಿಟ್ಟು ಕದಲಿರಲಿಲ್ಲ. ಆ ಸರಪಳಿಯನ್ನು 1974ರ ಸೆಮಿಫೈನಲಿನಲ್ಲಿ ಕಡಿದದ್ದು ಪ್ರಸನ್ನರ ನಾಯಕತ್ವದ ಕರ್ನಾಟಕ. ನಮ್ಮ ರಾಜ್ಯಕ್ಕೆ 'ಕರ್ನಾಟಕ' ಎಂಬ ಹೆಸರು ಬಂದು ಆಗ ಕೆಲವೇ ತಿಂಗಳಾಗಿತ್ತು. ಆ ಪಂದ್ಯದಲ್ಲಿ 162 ರನ್ ಹೊಡೆದ ವಿಶ್ವನಾಥ್ ಬೆಳೆದು ಬಂದ ಬಗೆ ಗೊತ್ತೇ? 1967ರಲ್ಲಿ ಹದಿನೆಂಟರ ಹುಡುಗನಾಗಿದ್ದಾಗ ಮೈಸೂರು ತಂಡ ಅವನನ್ನು ವಿಜಯವಾಡದಲ್ಲಿ ಆಂಧ್ರದ ವಿರುದ್ಧ ಆಡಿಸಿತು. ಮೊದಲ ಪಂದ್ಯದಲ್ಲೇ ಅವನು 230 ರನ್ ಹೊಡೆದ. ಅಂದು ಆ ಸ್ಥಾನವನ್ನು 'ಅನುಭವಿ'ಯೊಬ್ಬನಿಗೆ ಕೊಟ್ಟಿದ್ದರೆ 1974ರ ಕಥೆ ಏನಾಗುತ್ತಿತ್ತೋ ಯೋಚಿಸಿ. ದ್ರಾವಿಡ್ ಕೂಡ 1991ರಲ್ಲಿ ಕರ್ನಾಟಕಕ್ಕಾಗಿ ಮೊದಲು ಆಡಿದಾಗ ಹದಿನೆಂಟರ ಹುಡುಗ.

ಈಗ ಬೆಂಗಳೂರಿನ ಪಕ್ಷದವರ ಬಲವಾದ ಬಾಣ ಒಂದಿದೆ, ಅದನ್ನು ಎದುರಿಸದೆ ಬಿಡಲಾರೆ. "ವಿದರ್ಭವನ್ನು ನೋಡಿ ಮಾಷ್ಟ್ರೇ. ಹೊರಗಿನ ಆಟಗಾರರನ್ನು ತಂದು ಮೂರು ಸಲ ಗೆದ್ದರು" ಎನ್ನುತ್ತಾರೆ. ವಿದರ್ಭ 2017-18, 2018-19 ಮತ್ತು 2024-25ರಲ್ಲಿ ಗೆದ್ದದ್ದು ಹೌದು. ಮೊದಲೆರಡು ಬಾರಿ ಮುಂಬಯಿಯ ವಾಸಿಂ ಜಾಫರ್, ನಮ್ಮವನೇ ಆದ ಗಣೇಶ್ ಸತೀಶ್ ಅಲ್ಲಿದ್ದರು. ಮೂರನೇ ಬಾರಿ ನಮ್ಮ ಕರುಣ್ ನಾಯರ್ ಇದ್ದ. ಫೈನಲಿನಲ್ಲಿ ಕೇರಳದ ವಿರುದ್ಧ 86 ಮತ್ತು 135 ರನ್ ಹೊಡೆದ. ಇದಿಷ್ಟೂ ಸತ್ಯ. ಆದರೆ ಅರ್ಧ ಸತ್ಯ.

ಕೋಲ್ಕತ್ತದ ಆ ಸೆಮಿಫೈನಲಿನಲ್ಲಿ ನಮ್ಮ ಹನ್ನೆರಡು ವಿಕೆಟ್ ಕಿತ್ತವನು ಯಾರು? ವಿದರ್ಭದಲ್ಲೇ ಬೆಳೆದ ರಜನೀಶ್ ಗುರ್ಬಾನಿ. 2024-25ರಲ್ಲಿ ಒಂದೇ ಋತುವಿನಲ್ಲಿ 69 ವಿಕೆಟ್ ಪಡೆದು ರಣಜಿ ದಾಖಲೆ ಬರೆದವನು ಎಳೆಯ ಹರ್ಷ್ ದುಬೆ. ಆ ಋತುವಿನಲ್ಲಿ ಎಲ್ಲರಿಗಿಂತ ಹೆಚ್ಚು, 960 ರನ್ ಗಳಿಸಿದವನು ಯಶ್ ರಾಥೋಡ್. ಫೈನಲಿನಲ್ಲಿ 153 ರನ್ ಹೊಡೆದವನು ದಾನಿಶ್ ಮಾಲೇವಾರ್. ಅತಿಥಿಗಳು ಒಬ್ಬರೋ ಇಬ್ಬರೋ. ಮನೆ ತುಂಬಿದ್ದು ಮನೆಯ ಮಕ್ಕಳಿಂದ. ಅತಿಥಿಯನ್ನು ಅಲ್ಲಿ ಕರೆದದ್ದು ಮಕ್ಕಳಿಗೆ ಕಲಿಸಲು, ಅವರ ಎಲೆ ಕಸಿದುಕೊಳ್ಳಲು ಅಲ್ಲ.

ಇನ್ನೊಂದು ಬಾಣ ಆರ್‌ಸಿಬಿಯದು. "ಹಣ ಕೊಟ್ಟು ಕೊಂಡ ತಂಡವೇ 2025ರಲ್ಲಿ ಗೆದ್ದಿತಲ್ಲ?" ಗೆದ್ದಿತು, ಹದಿನೆಂಟನೇ ಪ್ರಯತ್ನದಲ್ಲಿ. ಕೊಹ್ಲಿ, ಗೇಲ್, ಡಿ ವಿಲಿಯರ್ಸ್ ಮೂವರೂ ಒಟ್ಟಿಗೆ ಇದ್ದ ವರ್ಷಗಳಲ್ಲಿ ಕೈಗೆ ಬಾರದ ಟ್ರೋಫಿ ಅದು. 2009, 2011, 2016ರ ಮೂರೂ ಫೈನಲ್ ಸೋತರು. ಕೊನೆಗೆ ಗೆದ್ದು ಕೊಟ್ಟ ನಾಯಕ ಯಾರು? 2022ರ ದೊಡ್ಡ ಹರಾಜಿನಲ್ಲಿ ಯಾರೂ ಕೊಳ್ಳದೆ ಉಳಿದು, ಗಾಯಗೊಂಡ ಬೇರೊಬ್ಬನ ಬದಲಿಗೆ ಬಂದ ರಜತ್ ಪಾಟೀದಾರ್. ಅವನನ್ನು ಉಳಿಸಿಕೊಂಡು, ಮೂರು ವರ್ಷ ಬೆಳೆಸಿ, ನಾಯಕನನ್ನಾಗಿ ಮಾಡಿದರು. ಅತ್ತ ಸುರತ್ಕಲ್ಲಿನಲ್ಲಿ ಬೆಳೆದ ರಾಹುಲನನ್ನು 2018ರಲ್ಲಿ ಅದೇ ತಂಡ ಬಿಟ್ಟುಕೊಟ್ಟಿತ್ತು; ಆ ವರ್ಷವೇ ಅವನು ಪಂಜಾಬಿಗಾಗಿ 659 ರನ್ ಹೊಡೆದ. ಕೊಂಡವರ ಕಥೆಯಲ್ಲೂ ಪಾಠ ಒಂದೇ: ಬೆಳೆಸಿದ್ದು ಉಳಿಯುತ್ತದೆ.

ಇನ್ನು ಅಮೆರಿಕದ ಪಕ್ಷ. ಅಲ್ಲಿನ ಹ್ಯೂಸ್ಟನ್ ಆಸ್ಟ್ರೋಸ್ ಎಂಬ ಬೇಸ್‌ಬಾಲ್ ತಂಡ ಹಳಬರನ್ನೆಲ್ಲ ಕಳಿಸಿ 2011ರಲ್ಲಿ 106, 2012ರಲ್ಲಿ 107, 2013ರಲ್ಲಿ 111 ಪಂದ್ಯ ಸೋತಿತು. ಋತುವಿಗೆ ಅಲ್ಲಿ ಒಂದು ತಂಡ ಆಡುವುದು 162 ಪಂದ್ಯ. 2017ರಲ್ಲಿ ಅದೇ ತಂಡ ಚಾಂಪಿಯನ್ ಆಯಿತು. ಶಿಕಾಗೋ ಕಬ್ಸ್ ತಂಡವೂ 2012ರಲ್ಲಿ 101 ಪಂದ್ಯ ಸೋತು, 2016ರಲ್ಲಿ 108 ವರ್ಷಗಳ ಬರವನ್ನು ನೀಗಿಕೊಂಡಿತು. ಕೇಳಲು ಆಕರ್ಷಕವಾಗಿದೆ. ಆದರೆ ಅಲ್ಲಿ ಸೋಲಿಗೆ ಲಾಭವಿದೆ ಎಂಬುದನ್ನು ಮರೆಯಬಾರದು. ಶಾಲೆ ಕಾಲೇಜುಗಳಿಂದ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಸರದಿ ಸಿಗುತ್ತಿತ್ತು. ಬೇಕೆಂದೇ ಸೋಲುವ ಚಾಳಿ ಹೆಚ್ಚಿದ ಮೇಲೆ, 2023ರಿಂದ ಮೊದಲ ಆರು ಸರದಿಗಳನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಆಸ್ಟ್ರೋಸ್‌ನ ಆ ಗೆಲುವಿಗೂ ಎದುರಾಳಿಯ ಸನ್ನೆಗಳನ್ನು ಕ್ಯಾಮೆರಾದಿಂದ ಕದ್ದ ಮಸಿ ಮೆತ್ತಿಕೊಂಡಿತು. ಸೋಲುವುದಕ್ಕೆ ನಾಚದವರು ಗೆಲ್ಲುವ ದಾರಿಗೂ ನಾಚಲಿಲ್ಲ ಎನ್ನಬೇಕೇನೋ.

ರಣಜಿಯಲ್ಲಿ ಸೋತವರಿಗೆ ಯಾವ ಬಹುಮಾನವೂ ಇಲ್ಲ. ತೀರ ಕೆಳಗಿಳಿದವರು ಪ್ಲೇಟ್ ಗುಂಪಿಗೆ ಬೀಳುತ್ತಾರೆ, ಅಲ್ಲಿ ಬಲವಾದ ಎದುರಾಳಿಗಳೇ ಸಿಗುವುದಿಲ್ಲ. ಹುಡುಗರು ಕಲಿಯುವುದಾದರೂ ಯಾರಿಂದ? ಆದುದರಿಂದ ಕೆಡಹಿ ಕಟ್ಟುವ ವಿದ್ಯೆ ನಮ್ಮ ನೆಲಕ್ಕೆ ಒಗ್ಗದು. ನಮ್ಮ ತೆಂಗಿನ ತೋಟಗಳಲ್ಲಿ ಹಿರಿಯರು ಮಾಡುತ್ತಿದ್ದುದನ್ನು ನೋಡಿ. ಮರಗಳಿಗೆ ವಯಸ್ಸಾಯಿತೆಂದು ತೋಟವನ್ನೆಲ್ಲ ಒಂದೇ ದಿನ ಕಡಿಯುವುದಿಲ್ಲ. ಹಳೆಯ ಮರಗಳ ನಡುವೆ ಸಸಿ ನೆಡುತ್ತಾರೆ. ಹಳೆಯ ಮರ ಕಾಯಿ ಕೊಡುತ್ತಲೇ ಇರುತ್ತದೆ, ಎಳೆಯ ಸಸಿಗೆ ಒಂದಿಷ್ಟು ನೆರಳನ್ನೂ ಕೊಡುತ್ತದೆ. ಸಸಿ ಮೇಲೆದ್ದು ಬಿಸಿಲು ಬೇಡತೊಡಗಿದಾಗ ಹಳೆಯದನ್ನು ಒಂದೊಂದಾಗಿ ತೆಗೆಯುತ್ತಾರೆ. ಒಮ್ಮೆಲೇ ಕಡಿದವನಿಗೆ ವರ್ಷಗಟ್ಟಲೆ ಕಾಯಿಲ್ಲ. ಸಸಿಯನ್ನೇ ನೆಡದವನಿಗೆ ಮುಂದೆ ತೋಟವೇ ಇಲ್ಲ.

ಒಮ್ಮೆಲೇ ಕಡಿಯುವುದರ ನಷ್ಟಕ್ಕೆ ಕರುಣ್ ನಾಯರನೇ ನಿದರ್ಶನ. ಫೈನಲಿನಲ್ಲಿ 328 ಹೊಡೆದವನು, ಟೆಸ್ಟ್ ಪಂದ್ಯದಲ್ಲಿ ತ್ರಿಶತಕ ಬಾರಿಸಿದವನು, ನಮ್ಮ ತಂಡದಲ್ಲಿ ಜಾಗವಿಲ್ಲದೆ 2023ರಲ್ಲಿ ವಿದರ್ಭಕ್ಕೆ ಹೋದ. ಎರಡು ವರ್ಷ ಅಲ್ಲಿ ರನ್ನಿನ ರಾಶಿ ಹಾಕಿ, 2025ರಲ್ಲಿ ಎಂಟು ವರ್ಷಗಳ ನಂತರ ಭಾರತದ ಟೆಸ್ಟ್ ತಂಡಕ್ಕೆ ಮರಳಿದ. ಅದೇ ವರ್ಷ ಕರ್ನಾಟಕಕ್ಕೂ ಹಿಂತಿರುಗಿದ. ಬಂದದ್ದು ಸಂತೋಷ. ಅವನ ವಯಸ್ಸು ಮೂವತ್ತು ದಾಟಿತೆಂಬುದು ನನಗೆ ಆಕ್ಷೇಪವೇ ಅಲ್ಲ. ನಾನು ಕೇಳುವುದು ಇಷ್ಟೇ: ಅವನ ಜೊತೆಗೆ ಇನ್ನೊಂದು ತುದಿಯಲ್ಲಿ ನಿಲ್ಲುವವನು ಯಾರು? ಇನ್ನೊಬ್ಬ ಮೂವತ್ತು ದಾಟಿದವನೋ, ಇಪ್ಪತ್ತೊಂದರ ಹುಡುಗನೋ?

ಹುಡುಗರಿಲ್ಲ ಎನ್ನುವಂತೆಯೂ ಇಲ್ಲ. 2024ರ ಜನವರಿಯಲ್ಲಿ, ಘಟ್ಟದ ಮೇಲಿನ ನಮ್ಮ ನೆರೆಯ ಶಿವಮೊಗ್ಗದಲ್ಲಿ, ಹತ್ತೊಂಬತ್ತರ ಒಳಗಿನವರ ಕೂಚ್ ಬೆಹಾರ್ ಟ್ರೋಫಿಯ ಫೈನಲ್ ನಡೆಯಿತು. ಮುಂಬಯಿಯ ವಿರುದ್ಧ ಪ್ರಖರ್ ಚತುರ್ವೇದಿ ಔಟಾಗದೆ 404 ರನ್ ಹೊಡೆದ, ಟ್ರೋಫಿ ನಮ್ಮದಾಯಿತು. 2025ರ ಜನವರಿಯಲ್ಲಿ 21ರ ಹರೆಯದ ಆರ್. ಸ್ಮರಣ್ ವಿಜಯ್ ಹಜಾರೆ ಫೈನಲಿನಲ್ಲಿ ಶತಕ ಹೊಡೆದು, ಅದೇ ತಿಂಗಳು ಪಂಜಾಬಿನ ವಿರುದ್ಧ ರಣಜಿಯಲ್ಲಿ ದ್ವಿಶತಕ ಬಾರಿಸಿದ. ಆ ಹಜಾರೆ ಫೈನಲಿನಲ್ಲಿ ಮೂರು ವಿಕೆಟ್ ಪಡೆದವರಲ್ಲಿ ನಮ್ಮ ಕರಾವಳಿಯ ಎಡಗೈ ವೇಗಿ ಅಭಿಲಾಷ್ ಶೆಟ್ಟಿಯೂ ಒಬ್ಬ. ಬಾಗಿಲ ಬಳಿ ನಿಂತವರು ಇದ್ದಾರೆ. ಬಾಗಿಲು ತೆರೆಯಬೇಕಷ್ಟೆ.

ಎಷ್ಟು ತೆರೆಯಬೇಕೆಂಬುದಕ್ಕೆ ಒಂದು ಚಿಕ್ಕ ಗಣಿತ. ಲೀಗ್ ಹಂತದಲ್ಲಿ ತಂಡಕ್ಕೆ ಏಳು ಪಂದ್ಯ, ಪಂದ್ಯಕ್ಕೆ ಹನ್ನೊಂದು ಸ್ಥಾನ. ಒಟ್ಟು 77 ಸ್ಥಾನಗಳು. ಪ್ರತಿ ಪಂದ್ಯದಲ್ಲಿ ಎರಡು ಸ್ಥಾನಗಳನ್ನು ಇಪ್ಪತ್ಮೂರು ದಾಟದವರಿಗೆ ಮೀಸಲಿಟ್ಟರೆ ಹೋಗುವುದು ಹದಿನಾಲ್ಕು. ಉಳಿದ 63 ಸ್ಥಾನಗಳಿಗೆ ಗೆಲ್ಲಲು ಬೇಕಾದ ಯಾರನ್ನಾದರೂ ಆರಿಸಿಕೊಳ್ಳಿ, ಯಾರು ಬೇಡವೆಂದರು? ಆದರೆ ಒಂದು ನಿಬಂಧನೆ ಇದೆ: ಆರಿಸಿದ ಹುಡುಗನನ್ನು ಎರಡು ಸೊನ್ನೆ ಹೊಡೆದನೆಂದು ಮೂರನೇ ಪಂದ್ಯಕ್ಕೆ ಕೈಬಿಡಬಾರದು. ಏಳೂ ಪಂದ್ಯ ಆಡಿಸಬೇಕು. ತನ್ನ ಸ್ಥಾನ ಮುಂದಿನ ವಾರವೂ ಇರುತ್ತದೆ ಎಂದು ತಿಳಿದವನು ಮಾತ್ರ ಚೆಂಡಿನ ಕಡೆ ನೋಡಿ ಆಡುತ್ತಾನೆ. ಉಳಿದವರು ಪೆವಿಲಿಯನ್ ಕಡೆ ನೋಡಿ ಆಡುತ್ತಾರೆ.

"ಇದು ಹಿರಿಯರಿಗೆ ಕೃತಘ್ನತೆಯಲ್ಲವೇ?" ಎಂಬುದು ಕೊನೆಯ ಆಕ್ಷೇಪ. ಅಲ್ಲ. ದಾವಣಗೆರೆಯ ವಿನಯ್ ಕುಮಾರ್ ಎರಡು ರಣಜಿ ಟ್ರೋಫಿ ತಂದುಕೊಟ್ಟ ನಾಯಕ. 2019ರಲ್ಲಿ ಪುದುಚೇರಿಗೆ ಹೋದಾಗ ಅವರ ಋಣ ತೀರಿತೆಂದು ಯಾರೂ ಹೇಳಲಾರರು. ಆದರೆ ಋಣ ತೀರಿಸುವ ದಾರಿ ಹಿರಿಯರನ್ನು ಕಾಲು ಸೋಲುವವರೆಗೆ ಓಡಿಸುವುದಲ್ಲ. ಅವರು ಕಲಿತದ್ದನ್ನು ಮುಂದಿನವರಿಗೆ ದಾಟಿಸುವ ಸ್ಥಾನ ಕೊಡುವುದು ನಿಜವಾದ ಗೌರವ.

ಶಾಲೆಯ ಶಿಕ್ಷಕರಿಗೆ ಈ ಸತ್ಯ ಪ್ರತಿವರ್ಷ ಎದುರಾಗುತ್ತದೆ. ಪ್ರತಿ ಮಾರ್ಚ್‌ನಲ್ಲಿ ಹತ್ತನೆಯ ತರಗತಿ ಹೊರಟುಹೋಗುತ್ತದೆ, ಅದರೊಂದಿಗೆ ಶಾಲೆಯ ವಾಲಿಬಾಲ್ ತಂಡವೂ. ಬರೀ ಹತ್ತನೆಯವರನ್ನೇ ಆಡಿಸಿ ತಾಲೂಕು ಮಟ್ಟದಲ್ಲಿ ಗೆದ್ದ ಶಾಲೆಗಳು ಮರುವರ್ಷ ಮೊದಲ ಸುತ್ತಿನಲ್ಲೇ ಮನೆಗೆ ಬರುತ್ತಿದ್ದವು. ಎಂಟನೆಯ ತರಗತಿಯ ಒಬ್ಬಿಬ್ಬರನ್ನು ದೊಡ್ಡವರ ನಡುವೆ ನಿಲ್ಲಿಸಿದ ಶಾಲೆ ಆ ವರ್ಷ ಸೆಮಿಫೈನಲಿನಲ್ಲಿ ಸೋತರೂ ಮುಂದಿನ ಎರಡು ವರ್ಷ ತಲೆಯೆತ್ತಿ ಆಡುತ್ತಿತ್ತು. ನಿಮ್ಮಲ್ಲಿ ಕೆಲವರು ಹಾಗೆ ನಿಂತ ಎಂಟನೆಯ ತರಗತಿಯವರೇ. ಮರೆತಿರಲಾರಿರಿ.

ಕೊನೆಯ ಮಾತು ಊರಿನಲ್ಲೇ ಇರುವ ಶಿಷ್ಯರಿಗೆ. ಬೆಂಗಳೂರಿನ ಆಯ್ಕೆ ಸಮಿತಿಯನ್ನು ಬೈಯುವುದು ಸುಲಭ. ನಮ್ಮ ಊರುಗಳ ಹೊನಲು ಬೆಳಕಿನ ಟೆನಿಸ್ ಬಾಲ್ ಪಂದ್ಯಾವಳಿಗಳಲ್ಲಿ ನಡೆಯುವುದೇನು? ಒಂದು ರಾತ್ರಿಯ ನಗದು ಬಹುಮಾನಕ್ಕಾಗಿ ಹಣ ಕೊಟ್ಟು ಬೇರೆ ಊರಿನ ಆಟಗಾರರನ್ನು ಕರೆಸುತ್ತೀರಿ. ತಂಡದ ಅಂಗಿಯ ಮೇಲೆ ಊರಿನ ಹೆಸರು, ಅಂಗಿಯ ಒಳಗೆ ಊರಿನವನಲ್ಲ. ಊರಿನ ಹುಡುಗ ಗೆರೆಯ ಹೊರಗೆ ನಿಂತು ನೀರಿನ ಬಾಟಲಿ ಹಿಡಿದಿರುತ್ತಾನೆ. ಗೆದ್ದ ಟ್ರೋಫಿ ಯುವಕ ಮಂಡಲದ ಕಪಾಟಿನಲ್ಲಿ ಕೂರುತ್ತದೆ. ಮರುದಿನ ಬೆಳಿಗ್ಗೆ ಆ ಅತಿಥಿ ಇನ್ನೊಂದು ಊರಿನ ಅಂಗಿ ಹಾಕಿಕೊಳ್ಳುತ್ತಾನೆ. ಹತ್ತು ವರ್ಷದ ಮೇಲೆ ಕಪಾಟು ತುಂಬಿರುತ್ತದೆ, ಮೈದಾನ ಖಾಲಿಯಾಗಿರುತ್ತದೆ.

ಈ ಮಳೆಗಾಲ ಕಳೆದು ಮೈದಾನ ಒಣಗಿದ ಮೇಲೆ ನಡೆಯುವ ಮೊದಲ ಪಂದ್ಯಾವಳಿಯಲ್ಲಿ ನಿಮ್ಮ ತಂಡದ ಹನ್ನೊಂದು ಜನರೂ ಊರಿನವರೇ ಆಗಿರಲಿ, ಅವರಲ್ಲಿ ಇಬ್ಬರು ಇನ್ನೂ ಮೀಸೆ ಮೂಡದವರಾಗಿರಲಿ. ಮೊದಲ ಸುತ್ತಿನಲ್ಲೇ ಸೋಲಬಹುದು, ನಗುವವರು ನಗಲಿ. ಆ ಪಂದ್ಯಕ್ಕೆ ನಾನು ಬಂದು ಕೂರುತ್ತೇನೆ. ಕುರ್ಚಿ ಒಂದು ಇಟ್ಟಿರಿ.